ಮುದ್ದಯ್ಯ ಹಗೇವು ಒಣಗಿಸಿದ್ದು

ಒಂದೂರಲ್ಲಿ ದ್ಯಾವಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮುದ್ದಯ್ಯ ಅಂತ ಒಬ್ಬನೇ ಮಗ. ಒಬ್ಬನೇ ಆದದ್ದು ಒಳ್ಳೆಯದಾಯಿತು, ಇಂಥವರು ಇಬ್ಬರಿದ್ದರೆ ಆ ತಾಯಿ ಊರು ಬಿಟ್ಟಿರುತ್ತಿದ್ದಳು. ಅವನು ಸೋಮಾರಿಯಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟನ್ನೇ, ಹೇಳಿದ ಹಾಗೇ ಮಾಡುತ್ತಿದ್ದ. ಅದೇ ತೊಂದರೆ.

ಅವರ ಪಡಸಾಲೆಯ ಕೆಳಗೆ ಒಂದು ಹಗೇವು ಇತ್ತು. ಹಗೇವು ಎಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡದು, ಮೇಲೊಂದು ಚಪ್ಪಡಿ. ಆ ಸೀಮೆಯಲ್ಲಿ ಹೆಣ್ಣು ಕೊಡುವವರು ಹುಡುಗನ ಮುಖಕ್ಕಿಂತ ಮೊದಲು ಹಗೇವು ನೋಡುತ್ತಿದ್ದರು. ಯಾಕೆ ಎಂದರೆ, ಮುಖ ಹೇಗಿದ್ದರೂ ಮಗಳು ಉಣ್ಣಬೇಕಾದದ್ದು ರಾಗಿ. ಮುದ್ದಯ್ಯನ ಮಟ್ಟಿಗೆ ಇದು ಒಳ್ಳೆಯ ಪದ್ಧತಿಯೇ. ಪಕ್ಕದೂರಿನ ಸಣ್ಣೇಗೌಡರು ಮಗಳ ವಿಷಯಕ್ಕೆ ಬರುತ್ತೇನೆಂದು ಹೇಳಿಕಳಿಸಿದ್ದರು.

ದ್ಯಾವಮ್ಮ ಚಪ್ಪಡಿ ಸರಿಸಿದರೆ ಘಪ್ಪನೆ ಮುಗ್ಗಲು ವಾಸನೆ. ಬಚ್ಚಲ ನೀರು ಇಂಗಿ ಗುಂಡಿಯ ಒಂದು ಮಗ್ಗುಲು ಒದ್ದೆಯಾಗಿ ಬೂಷ್ಟು ಹಿಡಿದಿತ್ತು. ರಾಗಿ ಕೆಟ್ಟರೆ ಸಂಬಂಧವೂ ಕೆಟ್ಟಂತೆ. ಮೊದಲು ನೀರು ಬರೋ ದಾರಿ ಮುಚ್ಚು ಎಂದು ಮಗನಿಗೆ ಹೇಳಿ, ಕೊಡ ಎತ್ತಿಕೊಂಡು ಬಾವಿಗೆ ಹೋದಳು.

ತುಂಬಿದ ಕೊಡ ಹೊತ್ತು ಬಂದರೆ ಓಣಿಗೆ ಅಡ್ಡಲಾಗಿ ಜಾಲಿಮುಳ್ಳು! ಮುಳ್ಳಿನ ಆಚೆ ಮಗ ನಿಂತಿದ್ದಾನೆ.

"ನೀನು ದಿನಾ ನೀರು ತರೋ ದಾರಿ ಇದೇ ಅಲ್ಲವೇನವ್ವ?"

ಅವಳು ಚೆನ್ನಾಗಿ ಬೈದಳು. ಬಚ್ಚಲ ಬಿರುಕಿಗೆ ತಾನೇ ಗಾರೆ ಮೆತ್ತಿದಳು. ಆಮೇಲೆ, ಒದ್ದೆಯಾದದ್ದನ್ನೆಲ್ಲ ಹೊರಗೆ ತಂದು ಬಿಸಿಲಿಗೆ ಹರವಬೇಕು, ತಿಳೀತಾ, ಎಂದು ಬುದ್ಧಿ ಹೇಳಿ, ಇನ್ನೊಂದು ಚಾಪೆ ಕೇಳಿ ತರಲು ಪಕ್ಕದ ಮನೆಗೆ ಹೋದಳು. ಬರುವಷ್ಟರಲ್ಲಿ ಅಂಗಳದ ಚಾಪೆಯ ಮೇಲೆ ನೆನೆಹಾಕಿದ ಹುರುಳಿ ಇತ್ತು, ಉಪ್ಪಿನಕಾಯಿ ಇತ್ತು, ಬೆಳಗಿನ ಸಾರೂ ಇತ್ತು. ಸಾರು ಇತ್ತು ಅನ್ನುವುದಕ್ಕಿಂತ ಹರಿದುಹೋಗಿತ್ತು ಅನ್ನಬೇಕು. ಮುದ್ದಯ್ಯ ಮಜ್ಜಿಗೆ ಗಡಿಗೆ ಬಗ್ಗಿಸುತ್ತಿದ್ದ.

"ತಿನ್ನೋದನ್ನ ಮುಟ್ಟಬೇಡವೋ ನನ್ನಪ್ಪ. ಬೂಷ್ಟು ನೋಡು, ಬೂಷ್ಟು! ಬೆಳ್ಳಗೆ, ನೂಲುನೂಲಾಗಿ ಇಳಿಬಿದ್ದಿರುತ್ತೆ. ಕಂಡಲ್ಲೆಲ್ಲ ಬೂದಿ ಹಾಕಿ ಉಜ್ಜು, ಬೇವಿನ ಹೊಗೆ ಕೊಡು."

ಮುದ್ದಯ್ಯ ತಲೆಯಾಡಿಸಿದ. ತಾಯಿ ತಾನೇ ರಾಗಿ ಎತ್ತಿ ಒಣಗಿಸಿದಳು, ಗುಂಡಿಯ ಗೋಡೆ ಉಜ್ಜಿದಳು, ಹೊಸ ಹುಲ್ಲು ಒತ್ತಿ ರಾಗಿ ಮತ್ತೆ ತುಂಬಿದಳು. ಹಗೇವು ಗರಿಗರಿ ಒಣಗಿತು.

ಸಣ್ಣೇಗೌಡರು ಗಾಡಿ ಕಟ್ಟಿಕೊಂಡು ಬಂದರು. ಹಗೇವಿಗೆ ದೀಪ ಇಳಿಬಿಟ್ಟು, ಅದು ಆರಲಿಲ್ಲವೆಂದು ಖಾತ್ರಿ ಮಾಡಿಕೊಂಡು ತಾವೂ ಇಳಿದರು. (ಕೆಟ್ಟ ಗಾಳಿ ಇದ್ದರೆ ದೀಪ ಆರುತ್ತದೆ, ಅದಕ್ಕೇ.) ರಾಗಿ ಮೂಸಿದರು, ಹಲ್ಲಿಗಿಟ್ಟು ಕಡಿದರು, ಭೇಷ್ ಅಂದರು. ದ್ಯಾವಮ್ಮ ಖುಷಿಯಲ್ಲಿ ಪಾಯಸಕ್ಕಿಡಲು ಒಳಗೋಡಿದಳು. ಗೌಡರು ಮೇಲೆ ಹತ್ತಿದರು. ಹಗೇವಿನ ಬಾಯಲ್ಲಿ ಮೊದಲು ಕಂಡದ್ದು ಅವರ ಗಡ್ಡ. ಬೆಳ್ಳಗೆ, ನೂಲುನೂಲಾಗಿ ಇಳಿಬಿದ್ದಿತ್ತು.

ಮುದ್ದಯ್ಯ ಎರಡು ಹಿಡಿ ಬೂದಿ ಹಾಕಿ ಚೆನ್ನಾಗಿ ಉಜ್ಜಿದ. ಆಮೇಲೆ ಬೇವಿನ ಹೊಗೆ ಕೊಟ್ಟ.

ಗೌಡರು ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ, ನಿಮ್ಮ ಸಹವಾಸವೇ ಬೇಡ ಎಂದು ಗಾಡಿಯ ಕಡೆ ನಡೆದರು. ದ್ಯಾವಮ್ಮ ಸೌಟು ಹಿಡಿದೇ ಹೊರಗೆ ಬಂದು ಮಗನ ಬೆನ್ನಿಗೊಂದು ಕೊಟ್ಟಳು.

"ಹೋಗಿ ಕಾಲು ಹಿಡ್ಕೊ. ಹೆಣ್ಣು ಕೊಡ್ತೀನಿ ಅನ್ನೋವರೆಗೂ ಬಿಡಬೇಡ!"

ಮುದ್ದಯ್ಯ ಹಿಡಿದ. ಗಾಡಿ ಹೊರಟರೂ ಬಿಡಲಿಲ್ಲ. ಗೌಡರ ಒಂದು ಕಾಲು ಗಾಡಿಯ ಹೊರಗೆ, ಅದನ್ನು ತಬ್ಬಿಕೊಂಡು ಇವನು ಹಿಂದೆ ಹಿಂದೆ, ಅವರ ಊರಿನ ತನಕ. ಊರ ಜನರೆಲ್ಲ ಸೇರಿ ನಗತೊಡಗಿದ ಮೇಲೆ ಗೌಡರು ಸೋತು, ಕೊಡ್ತೀನಿ ಕಣಪ್ಪ, ಈಗಲೇ ಬೇಕಾದರೂ ಕೊಡ್ತೀನಿ, ಕಾಲು ಬಿಡು ಎಂದರು. ಅವನು ಬಿಟ್ಟು ಮನೆಗೆ ಬಂದ.

ದ್ಯಾವಮ್ಮ ಬಾಗಿಲಲ್ಲೇ ಕಾದಿದ್ದಳು. "ಏನಂದರೋ?"

"ಈಗಲೇ ಬೇಕಾದರೂ ಕೊಡ್ತೀನಿ ಅಂದರು."

ಅವಳು ಆಕಾಶಕ್ಕೆ ಕೈ ಮುಗಿದಳು. "ನೀನೇನಂದೆ?"

"ಈಗ ಬೇಡ ಅಂದೆನವ್ವ. ಹೆಣ್ಣು ಇಡೋಕೇ ಅಲ್ಲವಾ ಅವರು ಹಗೇವು ನೋಡಿದ್ದು? ಅದರ ತುಂಬ ರಾಗಿ ಇದೆ. ಖಾಲಿಯಾದ ಮೇಲೆ ಹೇಳಿಕಳಿಸ್ತೀವಿ, ಅಲ್ಲೀತನಕ ನಿಮ್ಮ ಹಗೇವಲ್ಲೇ ಇಟ್ಟಿರಿ ಅಂದೆ."