ಎಡಗಡೆಯ ಕನ್ನಡಿ

ಟೈಲರ್ ಮುರಿಗೆಯ್ಯನ ಹಳೇ ಕಾರಿಗೆ, ತೊಳೆಯುವ ಯಂತ್ರದೊಳಗೆ ಹೋಗುವಾಗ ಅಕ್ಕಪಕ್ಕ ಎರಡು ಕನ್ನಡಿ ಇದ್ದವು, ಹೊರಗೆ ಬರುವಾಗ ಒಂದೇ. ಎಡಗಡೆಯದನ್ನು ಬ್ರಷ್ಷು ಕಿತ್ತು ಬಿಸಾಡಿತ್ತು.

"ನಮ್ಮ ಯಂತ್ರ ಮಗುವಿಗೆ ಎಣ್ಣೆನೀರು ಹಾಕಿದ ಹಾಗೆ ತೊಳೆಯುತ್ತೆ. ನಿಮ್ಮ ಕನ್ನಡಿಯೇ ಸಡಿಲ ಇತ್ತು," ಎಂದ ಮಾಲೀಕ ಜಯದೇವಪ್ಪ, ಕುರ್ಚಿಯಿಂದ ಏಳದೆ.

ಮುರಿಗೆಯ್ಯ ಜಗಳಕ್ಕೆ ಹೋಗಲಿಲ್ಲ. ಶೆಡ್ಡಿನ ಹಿಂದೆ ಮಾಲೀಕನ ಹೊಸ ಕಾರನ್ನು ಕೆಲಸದವನೊಬ್ಬ ಬಕೆಟ್ಟು, ಬಟ್ಟೆ ಹಿಡಿದು ತೊಳೆಯುತ್ತಿದ್ದ.

"ಪಾಪ, ಅವನಿಗ್ಯಾಕೆ ಕಷ್ಟ? ನಿಮ್ಮ ಕಾರನ್ನೂ ಯಂತ್ರದೊಳಗೆ ಬಿಡಿ ಸ್ವಾಮಿ, ಖರ್ಚು ನನ್ನದು," ಎಂದ ಮುರಿಗೆಯ್ಯ.

ಸಾಲಿನಲ್ಲಿ ಕಾಯುತ್ತಿದ್ದ ನಾಲ್ಕು ಕಾರುಗಳ ಗಾಜು ಒಟ್ಟಿಗೇ ಕೆಳಗಿಳಿದವು. ಜಯದೇವಪ್ಪ ಒಮ್ಮೆ ಬ್ರಷ್ಷು ನೋಡಿದ, ಒಮ್ಮೆ ತನ್ನ ಕಾರು ನೋಡಿದ. ಆಮೇಲೆ ಎದ್ದು ಬಂದು, "ಹೊಸ ಕನ್ನಡಿ ಹಾಕಿಸಿಕೊಡ್ತೀನಿ, ಸುಮ್ಮನಿರಿ ಯಜಮಾನ್ರೆ," ಎಂದು ಪಿಸುಗುಟ್ಟಿದ.

ಸಂಜೆ ಮೆಕ್ಯಾನಿಕ್ ಹೊಸ ಕನ್ನಡಿ ಕೂರಿಸಿ, ಹಿಂದಿನ ರಸ್ತೆ ಕಾಣುವಂತೆ ತಿರುಗಿಸಿದ. ಮುರಿಗೆಯ್ಯ ಅದನ್ನು ಮೆಲ್ಲಗೆ ಪಕ್ಕದ ಸೀಟಿನ ಕಡೆಗೆ ಹೊರಳಿಸಿದ.

"ಹಿಂಗಿಟ್ಟರೆ ನಿಮಗೆ ರಸ್ತೆ ಕಾಣಲ್ಲ ಅಜ್ಜಾ!"

"ಇರಲಿ ಬಿಡಪ್ಪ. ನನ್ನ ಹೆಂಡತಿ ಹೂ ಮುಡಿಯೋದು ಇದನ್ನೇ ನೋಡಿಕೊಂಡು."

ಆ ಸೀಟು ಖಾಲಿಯಾಗಿ ಮೂರು ವರ್ಷವಾಗಿತ್ತು.