ಐದನೆಯ ಅಳತೆಗಂಬ

ಹೊಳೆದಡದ ವಿದ್ಯುದಾಗಾರದ ಪಕ್ಕದಲ್ಲಿ ನೀರಿನ ಮಟ್ಟ ಅಳೆಯುವ ಕಂಬವೊಂದಿತ್ತು. ಅದರ ಬುಡದಲ್ಲಿ ಮುದಿ ಆಮೆಯೊಂದು ವಾಸವಾಗಿತ್ತು. ಒಂದು ದಿನ ಕಂಬ ಬೀಗುತ್ತ ಹೇಳಿತು: "ಅಜ್ಜಿ, ನೆರೆ ತಡೆಯುವ ಗೋಡೆ ಎಷ್ಟೆತ್ತರ ಇರಬೇಕೆಂದು ವಿದ್ಯುದಾಗಾರದವರು ನನ್ನನ್ನೇ ಕೇಳಿದರು. ನಾನು ನಿಂತ ಹನ್ನೆರಡು ವರ್ಷದಲ್ಲಿ ನೀರು ಇಪ್ಪತ್ತು ಅಡಿ ದಾಟಿಲ್ಲ ಎಂದೆ. ಇಪ್ಪತ್ತೆರಡು ಅಡಿ ಕಟ್ಟುತ್ತಾರಂತೆ."

ಆಮೆಗೆ ಬಾಯಿ ತೆರೆಯಲೂ ಬೇಸರ. ಆದರೂ ಹೇಳಿತು: "ನಿನಗಿಂತ ಮುಂಚೆ ಇಲ್ಲಿ ಒಂದಾದ ಮೇಲೊಂದು ಮೂರು ಕಂಬಗಳಿದ್ದವಪ್ಪಾ. ಅವೂ ಇಪ್ಪತ್ತೇ ಅಂದಿದ್ದವು. ಇಪ್ಪತ್ತು ದಾಟಿದ ನೆರೆ ಅವನ್ನೇ ಹೊತ್ತುಕೊಂಡು ಹೋಯಿತು. ಅದನ್ನು ಹೇಳಲು ಯಾವ ಕಂಬ ಉಳಿಯಿತು?"

"ನನ್ನ ಗೆರೆ ಮುಟ್ಟದ ನೀರನ್ನು ನಾನು ಲೆಕ್ಕಕ್ಕೆ ಹಿಡಿಯಲಾರೆ, ಅಜ್ಜಿ."

ಮರುವರ್ಷದ ಮಳೆಗಾಲದಲ್ಲಿ ಹೊಳೆ ಗೋಡೆ ಹಾರಿ ಒಳನುಗ್ಗಿತು. ಯಂತ್ರಗಳು ಕೆಸರಿನಲ್ಲಿ ಹೂತುಹೋದವು, ಊರೂರೇ ಕತ್ತಲಾಯಿತು, ಕಂಬವೂ ಕೊಚ್ಚಿಹೋಯಿತು.

ಬೇಸಿಗೆಯಲ್ಲಿ ಹೊಸ ಕಂಬ ಬಂತು. ಅದರ ಬಣ್ಣ ಇನ್ನೂ ಒಣಗಿರಲಿಲ್ಲ. ಆಮೆ ತೆವಳಿ ಬಂದು ಕೇಳಿತು: "ಇಲ್ಲಿ ನೀರು ಎಷ್ಟು ಏರುತ್ತದೆ, ತಮ್ಮಾ?"

"ನಾನು ಬಂದಮೇಲೆ ಮೂರು ಅಡಿ ದಾಟಿಲ್ಲ, ಅಜ್ಜಿ."

ಆಚೆ ಮೇಸ್ತ್ರಿ ಹೊಸ ಗೋಡೆಗೆ ಐದು ಅಡಿಯ ಎತ್ತರದಲ್ಲಿ ದಾರ ಕಟ್ಟುತ್ತಿದ್ದ. ಆಮೆ ಗುಡ್ಡದ ಕಡೆ ಹೊರಟಿತು. ಅದರ ನಿಧಾನ ನಡಿಗೆಗೆ ಮಳೆಗಾಲ ಹೆಚ್ಚು ದೂರವಿರಲಿಲ್ಲ.