ರೆಪ್ಪೆಯಿಲ್ಲದ ಕಾವಲು

ಕಡಲ ತಳದ ಹವಳದ ದಿಬ್ಬವೊಂದರಲ್ಲಿ ಹೊನ್ನಿ ಮತ್ತು ದಾಸು ಎಂಬ ಮೀನಿನ ಜೋಡಿ ಸಂಸಾರ ಹೂಡಿತ್ತು. ಗೇಣುದ್ದವೂ ಇಲ್ಲದ ಹಳದಿ ಮೀನುಗಳು, ಆದರೆ ಬೆನ್ನಿನ ಮುಳ್ಳುಗಳಲ್ಲಿ ವಿಷ. ಚುಚ್ಚಿಸಿಕೊಂಡವರು ಉರಿ ತಾಳಲಾರದೆ ಒದ್ದಾಡಬೇಕು.

"ವಿಷ ಇದ್ದಮೇಲೆ ಭಯವೇಕೆ?" ಅನ್ನುತ್ತೀರಿ, ಗೊತ್ತು. ಮಕ್ಕಳೇ, ಮುಳ್ಳು ಚುಚ್ಚುವುದು ಶತ್ರು ಬಾಯಿ ಹಾಕಿದ ಮೇಲೆ. ಅಷ್ಟರಲ್ಲಿ ಕಚ್ಚಿಸಿಕೊಂಡವರ ಗತಿ? ಅದಕ್ಕೇ ಈ ಮೀನುಗಳದೊಂದು ಪದ್ಧತಿ. ಒಂದು ಮೀನು ಹವಳದ ಸಂದಿಗೆ ಮೂತಿ ತೂರಿಸಿ ಪಾಚಿ ಮೇಯುವಾಗ, ಇನ್ನೊಂದು ತಲೆಯೆತ್ತಿ ನಿಂತು ಕಾಯಬೇಕು. ಆಮೇಲೆ ಪಾಳಿ ಬದಲು.

ಈ ಪಾಳಿಯೇ ಹೊನ್ನಿಗೆ ಸರಿಬರುತ್ತಿರಲಿಲ್ಲ. ಹಿಂದೊಮ್ಮೆ ಕಾವಲು ನಿಂತ ದಾಸು, ಪಕ್ಕದ ಸಿಗಡಿಗಳ ಜಗಳ ನೋಡುತ್ತಾ ಮೈಮರೆತಿದ್ದ. ಅವತ್ತು ಏನೂ ಅನಾಹುತ ಆಗಲಿಲ್ಲ. ಆದರೆ ಹೊನ್ನಿ ಅದನ್ನು ಮನಸ್ಸಿನಿಂದ ತೆಗೆಯಲಿಲ್ಲ.

"ಬೆಳಗಿನಿಂದ ನೀನೇ ನಿಂತಿದ್ದೀಯ. ಈಗ ನನ್ನ ಪಾಳಿ," ಎನ್ನುತ್ತಿದ್ದ ದಾಸು.

"ನಿನ್ನ ಪಾಳಿ ನೋಡಿದ್ದೀನಿ, ಬಿಡು. ನೀನು ತಿನ್ನು."

ಅವನು ತಿಂದ, ಅವಳು ಕಾದಳು. ಅವನು ಬಲವಂತ ಮಾಡಿದಾಗ ಸಂದಿಗೆ ಮೂತಿ ಇಡುತ್ತಿದ್ದಳು, ನಿಜ. ಆದರೆ ಒಂದೊಂದು ತುತ್ತಿಗೂ ಹೊರಬಂದು ಸುತ್ತ ನೋಡುವಳು. ಹೀಗೆ ತಿಂದರೆ ಯಾರ ಹೊಟ್ಟೆ ತುಂಬೀತು? ದಿನ ಕಳೆದಂತೆ ಮೈಯ ಹಳದಿ ಮಾಸಿತು, ರೆಕ್ಕೆ ಜೋತುಬಿತ್ತು.

"ಏನೇ ಹುಡುಗಿ, ಹೀಗೆ ಸೊರಗಿದ್ದೀಯಲ್ಲ?" ಎಂದಳು ಪಕ್ಕದ ಬಿಲದ ಏಡಿಯಜ್ಜಿ.

"ಸಾಕಾಗಿ ಹೋಗಿದೆ ಅಜ್ಜಿ. ನಾನೊಬ್ಬಳು ಅತ್ತ ತಿರುಗಿದರೆ ಇಲ್ಲಿ ಎಲ್ಲ ಮುಗಿದ ಹಾಗೆ."

"ಗಂಡ ಇದ್ದಾನಲ್ಲೇ?"

"ಇದ್ದಾನೆ. ಅವನನ್ನೂ ನಾನೇ ಕಾಯಬೇಕು."

"ಅವನಿಗೂ ಎರಡು ಕಣ್ಣು ಇವೆಯಲ್ಲೇ. ನನ್ನ ಹಾಗೆ ಕಡ್ಡಿಯ ಮೇಲಿಲ್ಲ, ಅಷ್ಟೇ," ಎಂದು ಅಜ್ಜಿ ಬಿಲದೊಳಗೆ ಸರಿದಳು.

ಹೊನ್ನಿ ಮತ್ತೆ ಕಾವಲಿಗೆ ತಲೆಯೆತ್ತಿ ನಿಂತಳು. 'ಸಾಕಾಗಿ ಹೋಗಿದೆ' ಎಂದು ಹೇಳಿಕೊಳ್ಳುವುದರಲ್ಲಿ ಅವಳಿಗೆ ಒಂಚೂರು ಹೆಮ್ಮೆಯೂ ಇತ್ತು.

ಒಂದು ಮಧ್ಯಾಹ್ನ ಬಿಸಿಲು ತಿಳಿನೀರಿಗಿಳಿದಿತ್ತು. ಅಲೆ ಮೆಲ್ಲಗೆ ತೂಗುತ್ತಿತ್ತು. ತಲೆಯೆತ್ತಿ ನಿಂತಿದ್ದ ಹೊನ್ನಿಗೆ ನಿಂತಲ್ಲೇ ನಿದ್ದೆ ಬಂತು.

ಮೀನಿನ ಕಣ್ಣಿಗೆ ರೆಪ್ಪೆಯಿಲ್ಲವಲ್ಲ, ನಿದ್ದೆಯಲ್ಲೂ ತೆರೆದೇ ಇರುತ್ತದೆ. ದಾಸು ತಿರುಗಿ ನೋಡಿದ. ಹೆಂಡತಿ ಕಣ್ಣು ತೆರೆದು ನಿಂತಿದ್ದಾಳೆ. ಇನ್ನೇನು ಚಿಂತೆ ಎಂದು ಸಂದಿಯೊಳಕ್ಕೆ ತಲೆ ತೂರಿಸಿದ.

ಬಂಡೆಯ ಹಿಂದಿನಿಂದ ಹಾವುಮೀನೊಂದು ಹೊರಟಿತು. ಹೊನ್ನಿಯ ಕಣ್ಣೆದುರೇ ಹಾದು ಬಂದು, ದಾಸುವಿನ ಬಾಲಕ್ಕೆ ಬಾಯಿ ಹಾಕಿತು. ಅವನು ಮುಳ್ಳೆಲ್ಲ ನಿಮಿರಿಸಿ ಕೊಸರಾಡಿದ. ಒಂದು ಮುಳ್ಳು ಅದರ ದವಡೆಗೆ ನಾಟಿತು. ಉರಿಗೆ ಬಾಯಿ ಬಿಟ್ಟು ಹಾವುಮೀನು ಓಟ ಕಿತ್ತಿತು, ಆದರೆ ದಾಸುವಿನ ಅರ್ಧ ಬಾಲ ಅದರ ಹಲ್ಲಿಗೇ ಹೋಗಿತ್ತು.

ಗದ್ದಲಕ್ಕೆ ಎಚ್ಚೆತ್ತ ಹೊನ್ನಿ ದಾಸುವಿನತ್ತ ಧಾವಿಸಿದಳು. "ಅಯ್ಯೋ! ನಾನು ಕಾಯ್ತಾನೇ ಇದ್ದೆನಲ್ಲ!"

"ನಿದ್ದೆ ಮಾಡ್ತಿದ್ದೆ ಹೊನ್ನಿ," ಎಂದ ದಾಸು ನೋವಿನಲ್ಲೇ. "ಇಷ್ಟು ಸುಸ್ತಾಗಿದೆ ಅಂತ ಒಂದು ಮಾತು ಹೇಳಬಾರದಿತ್ತೇ?"

"ಹೇಳಿದ್ದರೆ ನೀನು ಸರಿಯಾಗಿ ಕಾಯ್ತಿದ್ದೆಯಾ?"

"ಕಾಯೋದಕ್ಕೆ ನೀನು ಬಿಟ್ಟಿದ್ದು ಯಾವಾಗ?"

ಹೊನ್ನಿಗೆ ಅಳು ಬಂತು. ಯಾರನ್ನು ಕಾಯಲು ಇಷ್ಟೆಲ್ಲ ಸವೆದಳೋ ಅವನ ಬಾಲವೇ ಅವಳ ಕಾವಲಿನಲ್ಲಿ ಹೋಗಿತ್ತು.

ದಾಸು ಹರಿದ ಬಾಲದಲ್ಲೇ ಓಲಾಡುತ್ತಾ ತಲೆಯೆತ್ತಿ ನಿಂತ. "ಹೋಗು, ತಿನ್ನು."

ಅವಳು ಸಂದಿಗೆ ಮೂತಿ ಇಟ್ಟಳು. ಮೊದಲ ತುತ್ತಿಗೇ ಹೊರಬಂದು ನೋಡುವ ಆಸೆಯಾಯಿತು. ತಡೆದುಕೊಂಡಳು.

"ಎಡಗಡೆ ದೂರದಲ್ಲಿ ಒಂದು ನೆರಳು," ಎಂದ ದಾಸು.

ಹೊನ್ನಿ ಮುಳ್ಳು ನಿಮಿರಿಸಿದಳು. ಆದರೆ ತಿರುಗಲಿಲ್ಲ.

"ಆಮೆ ಕಣೇ. ಹೋಯ್ತು. ನೀನು ತಿನ್ನು."

ಹೊನ್ನಿ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ತಿಂದಳು.

ನೀತಿ: ಜೊತೆಗಾರರನ್ನು ನಂಬದೆ ಎಲ್ಲರ ಹೊರೆಯನ್ನೂ ತಾನೇ ಹೊತ್ತವರು, ಬೇಕಾದ ಹೊತ್ತಿಗೆ ಯಾರಿಗೂ ಒದಗಿಬರಲಾರರು.